ಮೈಕೋ ಪಂಪಿನ ಕಾಲದ ಲಾರಿಗಳು

ಟಾಟಾ 1210 ಎಂಬ ಹೆಸರಿನಲ್ಲಿ ಗುಟ್ಟೇನೂ ಇಲ್ಲ. ಮೊದಲ 12 ಎಂದರೆ ಸರಕು ಸೇರಿ ಲಾರಿಯ ಒಟ್ಟು ತೂಕ ಹನ್ನೆರಡು ಟನ್. ನಂತರದ 10 ಎಂದರೆ ಎಂಜಿನ್ನಿನ ಬಲ ಸುಮಾರು ನೂರು ಅಶ್ವಶಕ್ತಿ. ಆ ಕಾಲದ ಟಾಟಾ ಎಂಜಿನ್ನಿನ ಹೆಸರು 692. ಆರು ಸಿಲಿಂಡರು, ಒಂದೊಂದರ ಒಳವ್ಯಾಸ 92 ಮಿಲಿಮೀಟರ್. ಮುಂದೆ ವ್ಯಾಸ 97 ಮಿಲಿಮೀಟರಿಗೆ ಏರಿದಾಗ ಹೆಸರೂ 697 ಆಯಿತು. ಲೇಲ್ಯಾಂಡಿನವರ ರೀತಿಯೂ ಇದೇ: ಕಾಮೆಟ್ 350ರ ಸಂಖ್ಯೆ ಹೇಳುವುದು ಎಂಜಿನ್ನಿನ ಗಾತ್ರವನ್ನು, 350 ಘನ ಅಂಗುಲ. ಹಳೆಯ ಡೀಸೆಲ್ ಲಾರಿಗಳ ಮೇಲಿನ ಅಭಿಮಾನವನ್ನು ಬಾಲ್ಯದ ನೆನಪೆಂದು ಬದಿಗಿಡುವವರಿದ್ದಾರೆ. ಆದರೆ ಆ ಅಭಿಮಾನಕ್ಕೆ ಗಟ್ಟಿಯಾದ ಕಾರಣವಿದೆ. ದೇಶದ ಅಕ್ಕಿ, ಸಿಮೆಂಟು, ಈರುಳ್ಳಿಯನ್ನು ದಶಕಗಟ್ಟಲೆ ಹೊತ್ತ ಈ ಯಂತ್ರ ತನ್ನ ಅಳತೆಯನ್ನು ಹೆಸರಿನಲ್ಲೇ ಹೇಳಿಕೊಂಡಂತೆ ತನ್ನ ಕೆಲಸವನ್ನೂ ಬಿಚ್ಚಿ ತೋರಿಸುತ್ತಿತ್ತು. ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗ ಅದನ್ನು ನೋಡಿ, ಮುಟ್ಟಿ, ಕೇಳಿಯೇ ಕಲಿಯಬಹುದಿತ್ತು. ಹಾಗೆ ಕಲಿತ ವಿದ್ಯೆ ಎಂಜಿನ್ ಓಡುತ್ತಿರುವವರೆಗೆ ಮಾತ್ರ ಉಳಿಯುತ್ತದೆ. ಆದ್ದರಿಂದ ಇವುಗಳಲ್ಲಿ ಕೆಲವನ್ನಾದರೂ ಬಣ್ಣ ಬಳಿದು ನಿಲ್ಲಿಸಿದರೆ ಸಾಲದು, ಓಡುವ ಸ್ಥಿತಿಯಲ್ಲೇ ಕಾಪಾಡಬೇಕು.

ಇತಿಹಾಸವನ್ನು ಚಿಕ್ಕದಾಗಿ ಹೇಳಬಹುದು. 1945ರಲ್ಲಿ ಹುಟ್ಟಿದ ಟಾಟಾದ ಟೆಲ್ಕೋ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಒಪ್ಪಂದ ಮುಗಿದ 1969ರ ತನಕ ಅದು ಟಾಟಾ-ಮರ್ಸಿಡಿಸ್-ಬೆಂಜ್. ಆಮೇಲೆ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಅತ್ತ ಮದರಾಸಿನ ಎಣ್ಣೂರಿನಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸಲೆಂದು ಶುರುವಾದ ಅಶೋಕ್ ಮೋಟಾರ್ಸ್, ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿಯ ಕೈಹಿಡಿದು ಕಾಮೆಟ್ ಲಾರಿಗೆ ಹೊರಳಿತು. 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಇವೆರಡರ ನಡುವೆ, 1951ರಲ್ಲಿ, ಬೆಂಗಳೂರಿನಲ್ಲಿ ಜರ್ಮನಿಯ ಬಾಷ್ ಕಂಪನಿಯ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಊರಿಗೆಲ್ಲ ಅದು ಮೈಕೋ. ಆಡುಗೋಡಿಯ ಆ ಕಾರ್ಖಾನೆಯ ಹೆಸರು ಒಂದು ಬಡಾವಣೆಗೇ ಅಂಟಿಕೊಂಡಿದೆ. ಲಾರಿ ಜಮ್‌ಶೆಡ್‌ಪುರದ್ದೋ ಎಣ್ಣೂರಿನದೋ ಇರಲಿ, ಡ್ರೈವರುಗಳ ಬಾಯಲ್ಲಿ ಡೀಸೆಲ್ ಪಂಪೆಂದರೆ ಮೈಕೋ ಪಂಪೇ. ಈ ಲೇಖನದ ನಿಜವಾದ ನಾಯಕ ಆ ಪಂಪು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಎಂಜಿನ್ನನ್ನು ಓಡಿಸಿ ತೋರಿಸಿದರೂ ಅದು ಲಾರಿಯೊಳಗೆ ಕೂರಲು ಕಾಲು ಶತಮಾನ ಹಿಡಿಯಿತು. ಎಣ್ಣೆಯನ್ನು ಒಳಗೆ ಊದಲು ಪ್ರತ್ಯೇಕ ಗಾಳಿ ಕಂಪ್ರೆಸರು ಬೇಕಿತ್ತು. ಆ ಭಾರ ಹಡಗಿಗೆ, ಕಾರ್ಖಾನೆಗೆ ಸರಿ, ಲಾರಿಗೆ ಆಗದು. 1927ರಲ್ಲಿ ಬಾಷ್ ಕಂಪನಿ ಸಾಲು ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಆ ತೊಡಕು ಕಳೆಯಿತು. ಆರು ಸಿಲಿಂಡರಿನ ಎಂಜಿನ್ನಿಗೆ ಎಣ್ಣೆ ಒತ್ತುವ ಆರು ಪ್ಲಂಜರು, ಸಾಲಾಗಿ. ಕೆಳಗೆ ಒಂದು ಕ್ಯಾಮ್ ಶಾಫ್ಟು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತಾ ಒಂದೊಂದನ್ನೇ ಮೇಲಕ್ಕೆ ತಳ್ಳುತ್ತದೆ, ಸ್ಪ್ರಿಂಗು ಕೆಳಕ್ಕೆಳೆಯುತ್ತದೆ. ಪೂರ್ತಿ ಲೋಡಿನಲ್ಲಿ ಏರು ಹತ್ತುವಾಗಲೂ ಒಂದು ಸಲಕ್ಕೆ ಒಂದು ಪ್ಲಂಜರು ಚಿಮ್ಮಿಸುವುದು ಒಂದೆರಡು ಹನಿ ಎಣ್ಣೆಯಷ್ಟೇ. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ ಪ್ರತಿ ಪ್ಲಂಜರೂ ನಿಮಿಷಕ್ಕೆ ಸಾವಿರ ಸಲ ಈ ಅಳತೆಯನ್ನು ತಪ್ಪದೆ ಅಳೆಯಬೇಕು. ಆರೂ ಒಂದೇ ಸಮನಾಗಿ ಅಳೆಯಬೇಕು.

ಅಳೆಯುವ ಬಗೆ ನೋಡಿದರೆ ಅದರ ಜಾಣ್ಮೆಗೆ ತಲೆದೂಗಬೇಕು. ಪ್ಲಂಜರು ಪ್ರತಿ ಸಲವೂ ಅಷ್ಟೇ ಎತ್ತರ ಏರಿ ಅಷ್ಟೇ ಇಳಿಯುತ್ತದೆ; ಅದರಲ್ಲಿ ಬದಲಾವಣೆಯಿಲ್ಲ. ಆದರೆ ಅದರ ಮೈಮೇಲೆ ಓರೆಯಾಗಿ ಒಂದು ತೋಡು ಕೊರೆದಿರುತ್ತದೆ. ಏರುತ್ತಾ ಹೋಗಿ ಆ ತೋಡಿನ ಅಂಚು, ಪ್ಲಂಜರು ಕೂತ ಬ್ಯಾರೆಲ್ ಎಂಬ ಕೊಳವೆಯ ರಂಧ್ರಕ್ಕೆ ಬಂದೊಡನೆ ಒತ್ತಡ ಬಿಟ್ಟುಹೋಗಿ ಚಿಮ್ಮುವುದು ನಿಲ್ಲುತ್ತದೆ. ಪ್ಲಂಜರನ್ನು ತುಸು ತಿರುಗಿಸಿದರೆ ಓರೆಯ ಬೇರೊಂದು ಭಾಗ ರಂಧ್ರಕ್ಕೆ ಎದುರಾಗುತ್ತದೆ, ಎಣ್ಣೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಆರನ್ನೂ ಒಟ್ಟಿಗೆ ತಿರುಗಿಸಲು ಒಂದು ರ‍್ಯಾಕು, ಅದನ್ನು ಹಿಡಿತದಲ್ಲಿಡಲು ಗವರ್ನರು. ಆಕ್ಸಿಲರೇಟರ್ ತುಳಿದಾಗ ಆಗುವುದು ಇಷ್ಟೇ. ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ವಾಷರಿಲ್ಲ, ರಿಂಗಿಲ್ಲ; ನೂರಾರು ಪಟ್ಟು ವಾಯುಭಾರದ ಒತ್ತಡವನ್ನು ತಡೆಯುವುದು ಬರೀ ಉಕ್ಕಿನ ನುಣುಪು. ನಡುವಿನ ಸಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು. ಹಾಗಾಗಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿಯನ್ನು ಬೇರೆ ಮಾಡಿ ಅದಲುಬದಲು ಮಾಡುವಂತಿಲ್ಲ. ಪಂಪಿನ ಕೆಲಸದವರು ಜೋಡಿಯನ್ನು ಪರೀಕ್ಷಿಸುವ ಕ್ರಮವೂ ಸೊಗಸು: ಶುದ್ಧ ಡೀಸೆಲಿನಲ್ಲಿ ಅದ್ದಿ, ಬ್ಯಾರೆಲ್ಲನ್ನು ಓರೆಯಾಗಿ ಹಿಡಿದು, ಪ್ಲಂಜರನ್ನು ಅರ್ಧ ಹೊರಗೆಳೆದು ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರಿ ಒಳಗಿಳಿಯಬೇಕು. ನಡುವೆ ತಡೆದರೂ ಕೆಟ್ಟದ್ದು, ಸರ‍್ರನೆ ಬಿದ್ದರೂ ಕೆಟ್ಟದ್ದು.

ಕಿವಿಯ ವಿದ್ಯೆ ಇದಕ್ಕಿಂತ ದೊಡ್ಡದು. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಮೆಕ್ಯಾನಿಕ್ಕು ಅದನ್ನು ನಿಧಾನಕ್ಕೆ ಓಡಲು ಬಿಟ್ಟು, ಸ್ಪ್ಯಾನರ್ ಹಿಡಿದು, ನಾಝಲ್ಲಿಗೆ ಹೋಗುವ ಆರು ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಸಡಿಲಿಸಿದಾಗ ಸದ್ದು ಕುಗ್ಗಿತೆಂದರೆ ಆ ಸಿಲಿಂಡರು ಅಷ್ಟು ಹೊತ್ತೂ ದುಡಿಯುತ್ತಿತ್ತು ಎಂದರ್ಥ. ಸಡಿಲಿಸಿದರೂ ಸದ್ದಿನಲ್ಲಿ ವ್ಯತ್ಯಾಸವಾಗದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹೊಗೆಯೂ ಮಾತಾಡುತ್ತದೆ: ಕಪ್ಪಾದರೆ ಎಣ್ಣೆ ಹೆಚ್ಚು ಇಲ್ಲವೇ ಗಾಳಿ ಸಾಲದು, ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಳಿಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಘಟ್ಟದ ನಡುವೆ ಡೀಸೆಲ್ ಮುಗಿದು ಪೈಪಿನಲ್ಲಿ ಏರ್ ಹಿಡಿದರೆ ಕ್ಲೀನರ್ ಹುಡುಗನೇ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಏರ್ ತೆಗೆಯುತ್ತಾನೆ. ಒಮ್ಮೆ ಸ್ಟಾರ್ಟ್ ಆದ ಮೇಲೆ ಇಂಥ ಎಂಜಿನ್ನಿಗೆ ಬ್ಯಾಟರಿಯೂ ಬೇಕಿಲ್ಲ. ಪುಸ್ತಕ ಹಿಡಿಯದೆಯೂ ಕಲಿಸಬಲ್ಲ ಪಾಠಶಾಲೆಯಾಗಿತ್ತು ಈ ಎಂಜಿನ್ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೆಲ್ಲ ಜರ್ಮನರ, ಇಂಗ್ಲಿಷರ ಬುದ್ಧಿ, ನಮ್ಮದೇನು ಎಂಬ ಆಕ್ಷೇಪಣೆಯಿದೆ. ವಿನ್ಯಾಸ ಅವರದು, ಒಪ್ಪಬೇಕು. ಆದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1979ರಿಂದ ನಾವು ಜೋಪಾನ ಮಾಡಿರುವ ಉಗಿಬಂಡಿಗಳ ಮೂಲ ಬುದ್ಧಿಯೂ ಇಂಗ್ಲೆಂಡಿನದೇ. ಯಂತ್ರವೊಂದು ಯಾರದು ಎಂಬುದನ್ನು ಅದನ್ನು ಮೊದಲು ಗೀಚಿದ ಕೈ ಮಾತ್ರ ತೀರ್ಮಾನಿಸುವುದಿಲ್ಲ. ಅದನ್ನು ಬಾಳಿಸಿದ ಕೈಗಳಿಗೂ ಪಾಲಿದೆ. ಸಾವಿರದ ಎರಡು ಪಾಲಿನ ನುಣುಪನ್ನು ಆಡುಗೋಡಿಯಲ್ಲಿ ಸಾಧಿಸಿದವರು ನಮ್ಮ ಕಾರ್ಮಿಕರು. ಹುಬ್ಬಳ್ಳಿ, ಚಿತ್ರದುರ್ಗ, ಮಂಗಳೂರಿನ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಪಂಪು, ನಾಝಲ್ ಎಂದು ಬೋರ್ಡು ಬರೆಸಿ ಅದನ್ನೇ ಕುಲಕಸುಬಿನಂತೆ ನಡೆಸಿದವರೂ ನಮ್ಮವರೇ.

ಹೊಗೆಯ ಆಕ್ಷೇಪಣೆ ಇದಕ್ಕಿಂತ ಭಾರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಈ ಪಂಪಿಗೆ ಹೊರಗಿನ ಗಾಳಿಯ ಉಷ್ಣ, ಹೊಗೆಕೊಳವೆಯಲ್ಲಿ ಹೋಗುತ್ತಿರುವುದೇನು ಎಂಬುದು ಗೊತ್ತಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಹೊಗೆ ಮಿತಿಯನ್ನು ಮುಟ್ಟಲು ಸೆನ್ಸರು, ಕಂಪ್ಯೂಟರು, ಸಾವಿರಾರು ಪಟ್ಟು ವಾಯುಭಾರದ ಕಾಮನ್ ರೈಲ್ ಬೇಕೇಬೇಕು. ಊರಿನ ಗಾಳಿಯನ್ನು ಉಸಿರಾಡುವ ಮಕ್ಕಳ ಎದುರು ಹಳೆಯ ಲಾರಿಯ ಪರ ವಾದಿಸುವುದು ತಪ್ಪಾಗುತ್ತದೆ. ಎಂಜಿನ್ನಿನ ಕಾವಿಗೆ ಬೆಂದು, ಪವರ್ ಸ್ಟೀರಿಂಗಿಲ್ಲದ ಚಕ್ರ ತಿರುಗಿಸಿ ಹೆಗಲು ಸವೆಸಿಕೊಂಡ ಡ್ರೈವರುಗಳು ಆ ದಿನಗಳು ಮರಳಲಿ ಎಂದು ಬಯಸಲಾರರು. ಆದರೆ ಇಲ್ಲಿ ಕೇಳುತ್ತಿರುವುದು ಮತ್ತೆ ಲೋಡು ಹೊರಿಸುವ ಅನುಮತಿಯನ್ನಲ್ಲ. ವರ್ಷಕ್ಕೆ ನಾಲ್ಕಾರು ದಿನ ಓಡುವ ಬೆರಳೆಣಿಕೆಯ ಲಾರಿಗಳಿಂದ ಗಾಳಿ ಕೆಡುವುದು ಲೆಕ್ಕಕ್ಕೆ ಬರುವಷ್ಟಿಲ್ಲ.

ಈ ನ್ಯಾಯವನ್ನು ಕಾನೂನು ಕಾರುಗಳ ಮಟ್ಟಿಗೆ ಆಗಲೇ ಒಪ್ಪಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಸಿಗುತ್ತದೆ; ನಿತ್ಯ ಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಅದರ ವ್ಯಾಖ್ಯೆಯೊಳಗೆ ಬರುವುದು ದ್ವಿಚಕ್ರ ವಾಹನಗಳು ಮತ್ತು ಪ್ರಯಾಣಿಕರ ಕಾರುಗಳು. ಸರಕು ಸಾಗಿಸುವ ವಾಹನದ ವರ್ಗವೇ ಅಲ್ಲಿಲ್ಲ. ಅರಮನೆಯ ಕಾರು ಪರಂಪರೆಯಾಗುತ್ತದೆ, ಅದೇ ವಯಸ್ಸಿನ ಲಾರಿ ಗುಜರಿಯಾಗುತ್ತದೆ. ಬೇರೆ ದೇಶಗಳಲ್ಲಿ ಹಾಗಲ್ಲ. ಕಾಮೆಟ್ ಲಾರಿ ಹುಟ್ಟಿದ ಲೇಲ್ಯಾಂಡ್ ಎಂಬ ಪಟ್ಟಣದಲ್ಲಿ 1983ರಿಂದ ವಾಣಿಜ್ಯ ವಾಹನಗಳದೇ ವಸ್ತುಸಂಗ್ರಹಾಲಯವಿದೆ. ಲಂಡನ್ನಿನಿಂದ ಬ್ರೈಟನ್‌ವರೆಗೆ ಹಳೆಯ ಲಾರಿ, ಬಸ್ಸುಗಳನ್ನು ಓಡಿಸುವ ಪದ್ಧತಿ 1962ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಟ್ರಕ್ ಚರಿತ್ರೆಗೆಂದೇ 1971ರಲ್ಲಿ ಸಂಘ ಕಟ್ಟಿದರು. ನಮ್ಮಲ್ಲೂ ವಿಮಾನಗಳಿಗೆ 2001ರಿಂದ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯವಿದೆ, ಹಳೆಯ ಕಾರುಗಳಿಗೆ ಧರ್ಮಸ್ಥಳದ ಆಶ್ರಯವಿದೆ. ವ್ಯಾಖ್ಯೆಯಲ್ಲಿ ಒಂದು ವರ್ಗ ಸೇರಿಸಿದರೆ ಲಾರಿಯನ್ನೂ ಕಾಪಾಡುವ ಮಾಲೀಕರು ಮುಂದೆ ಬಂದಾರು. ಅಂಥವರು ಬಂದರೆ ಪಂಪಿನ ಕೆಲಸದವರಿಗೂ ಕೆಲಸ ಉಳಿದೀತು.

ಮೈಕೋ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. ಆಡುಗೋಡಿಯ ಆ ಜಾಗದಲ್ಲಿ ಈಗ ತಂತ್ರಜ್ಞಾನದ ಹೊಸ ಕ್ಯಾಂಪಸ್ ಎದ್ದಿದೆ. ಹಳೆಯ ಪಂಪಿನ ಮಗ್ಗುಲಲ್ಲಿ ಮಾತ್ರ ಎಣ್ಣೆ ಮಸಿಯಡಿ ಒಂದು ಪುಟ್ಟ ಲೋಹದ ಫಲಕವಿರುತ್ತದೆ. ಚಿಂದಿ ಬಟ್ಟೆಗೆ ಡೀಸೆಲ್ ತಾಕಿಸಿ ಒರೆಸಿದರೆ ಅಕ್ಷರಗಳು ಮೂಡುತ್ತವೆ: ಪಿಇಎಸ್ 6ಎ 80 ಎಂದೋ ಅಂಥದೇ ಬೇರೊಂದೋ. 6 ಎಂದರೆ ಆರು ಸಿಲಿಂಡರು, ಎ ಎಂದರೆ ಪಂಪಿನ ಅಳತೆಯ ವರ್ಗ, 80 ಎಂದರೆ ಒಳಗಿನ ಪ್ಲಂಜರು ಎಂಟು ಮಿಲಿಮೀಟರ್ ದಪ್ಪ.