ಜೀವಕೋಶದೊಳಗೆ ಅವಿತ ಪರೋಪಜೀವಿ

ತಂಗಡಗಿಯಂತಹ ಕೃಷ್ಣಾತೀರದ ಊರುಗಳಲ್ಲಿ ಜೋಳದ ಚೀಲಗಳಿರುವ ಮನೆಗೆ ಬೆಕ್ಕಿನ ಕಾವಲು ಬೇಕೇ ಬೇಕು. ಆ ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರವೇ ತನ್ನ ಸಂತಾನಚಕ್ರವನ್ನು ಪೂರ್ಣಗೊಳಿಸುವ ಏಕಕೋಶ ಪರೋಪಜೀವಿಯೊಂದಿದೆ. ಅದರ ಹೆಸರು ಟಾಕ್ಸೊಪ್ಲಾಸ್ಮಾ. 1908ರಲ್ಲಿ ಟ್ಯೂನಿಸ್ ನಗರದ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಇಲಿಯ ವರ್ಗದ ಕಾಡುಪ್ರಾಣಿಯೊಂದರಲ್ಲಿ ಕಂಡರು. ಬಿಲ್ಲಿನಂತೆ ಬಾಗಿದ ಆಕಾರದಿಂದ ಅದಕ್ಕೆ ಆ ಹೆಸರು ಬಂದಿತು.

ಇದು ಮಾಂಸಾಹಾರಿಗಳ ರೋಗ, ನಮಗೇಕೆ ಚಿಂತೆ ಎಂದು ಭಾವಿಸುವವರುಂಟು. ಅರೆಬೆಂದ ಮಾಂಸದಿಂದ ಇದು ಬರುವುದು ನಿಜ. ಆದರೆ ಬೆಕ್ಕಿನ ಮಲದೊಡನೆ ಹೊರಬೀಳುವ ಇದರ ಗಟ್ಟಿಪೊರೆಯ ಅಂಡಗಳು ತೇವದ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲವು. ರೊಟ್ಟಿಯೊಡನೆ ನಾವು ಹಸಿಯಾಗಿಯೇ ತಿನ್ನುವ ಮೆಂತ್ಯೆ, ಹತ್ತರಕಿ, ಮೂಲಂಗಿಗಳಿಗೆ ಆ ಮಣ್ಣು ಅಂಟಿದ್ದರೆ ಸಾಕು.

ದೇಹವನ್ನು ಹೊಕ್ಕ ಮೇಲೆ ಇದರ ನಡೆ ಅಚ್ಚರಿಯದು. ರೋಗಾಣುಗಳನ್ನು ನುಂಗಿ ಅರಗಿಸುವುದೇ ಕಾಯಕವಾದ ಭಕ್ಷಕಕೋಶದೊಳಕ್ಕೇ ಇದು ನುಗ್ಗುತ್ತದೆ. ನುಂಗಿದ ರೋಗಾಣು ಸಾಮಾನ್ಯವಾಗಿ ಕೋಶದೊಳಗಿನ ಆಮ್ಲದ ಚೀಲವನ್ನು ಸೇರಿ ಕರಗಿಹೋಗುತ್ತದೆ. ಇದಾದರೋ ಕೋಶದ ಪೊರೆಯನ್ನೇ ಬಳಸಿ ತನ್ನ ಸುತ್ತ ಬೇರೊಂದು ಚೀಲವನ್ನು ಕಟ್ಟಿಕೊಂಡು, ಆಮ್ಲದ ಚೀಲವು ಅದರೊಡನೆ ಕೂಡದಂತೆ ನೋಡಿಕೊಳ್ಳುತ್ತದೆ.

ರಕ್ತದ ಟಿ-ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೋಟೀನನ್ನು ಸ್ರವಿಸಿದಾಗ ಸನ್ನಿವೇಶ ಬದಲಾಗುತ್ತದೆ. ಆಗ ಭಕ್ಷಕಕೋಶದಲ್ಲಿ ಜಿಬಿಪಿ-1 ಎಂಬ ಪ್ರೋಟೀನು ಹೆಚ್ಚಾಗಿ ತಯಾರಾಗಿ ಆ ಚೀಲದ ಗೋಡೆಯನ್ನು ಭೇದಿಸುತ್ತದೆ. ಹೊರಬಿದ್ದ ಪರೋಪಜೀವಿಯ ಡಿಎನ್‌ಎಯನ್ನು ಗುರುತಿಸಿದ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಶತ್ರುವಿಗೆ ಬೆಳೆಯಲು ನೆಲೆಯಿಲ್ಲವಾಗುತ್ತದೆ. ರಕ್ತನಾಳದ ಒಳಪದರದ ಕೋಶಗಳ ಉಪಾಯ ಬೇರೆ. ಅವು ಚೀಲಕ್ಕೆ ಯುಬಿಕ್ವಿಟಿನ್ ಎಂಬ ಗುರುತನ್ನು ಅಂಟಿಸಿ ಆಮ್ಲದ ಚೀಲವನ್ನು ಬರಮಾಡಿಕೊಳ್ಳುತ್ತವೆ. ಇನ್ನೂ ಒಂದನ್ನು 1984ರಲ್ಲಿ ಫೆಫರ್‌ಕಾರ್ನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು: ಪರೋಪಜೀವಿಗೆ ಅವಶ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಕೋಶವೇ ಒಡೆದುಹಾಕಿ, ಅದನ್ನು ಉಪವಾಸ ಕೆಡವುತ್ತದೆ. ಇಲಿಯ ಕೋಶಗಳ ಆಯುಧಗಳು ಬಹುಮಟ್ಟಿಗೆ ಬೇರೆಯವು. ಆದ್ದರಿಂದ ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಅನ್ವಯಿಸಲು ಬಾರದು.

ಇಷ್ಟಾದರೂ ಗೆಲುವು ಪೂರ್ಣವಲ್ಲ. ಕೆಲವು ಪರೋಪಜೀವಿಗಳು ಮಿದುಳಿನಲ್ಲಿಯೂ ಸ್ನಾಯುಗಳಲ್ಲಿಯೂ ಗೂಡು ಕಟ್ಟಿಕೊಂಡು ಜೀವಮಾನವಿಡೀ ಸುಪ್ತವಾಗಿರುತ್ತವೆ. ಆರೋಗ್ಯವಂತರಿಗೆ ಅದರ ಅರಿವೇ ಇರದು. ಎಚ್‌ಐವಿ ಸೋಂಕಿತರಲ್ಲಿ ಸಿಡಿ-4 ಕೋಶಗಳ ಎಣಿಕೆ 100ಕ್ಕಿಂತ ಕೆಳಗಿಳಿದಾಗ ಅವು ಎಚ್ಚೆತ್ತು ಮಿದುಳನ್ನು ಬಾಧಿಸಬಹುದು. ಅಂಥವರಿಗೆ ಎಆರ್‌ಟಿ ಔಷಧದ ಜೊತೆಗೆ ಕೊಡುವ ಕೋಟ್ರೈಮಾಕ್ಸಜೋಲ್ ಮಾತ್ರೆಯು ಇದನ್ನೂ ತಡೆಯುತ್ತದೆ. ವೈದ್ಯರು ಹೇಳದೆ ಅದನ್ನು ನಿಲ್ಲಿಸಬಾರದು.

ಗರ್ಭಿಣಿಗೆ ಈ ಸೋಂಕು ಗರ್ಭಕಾಲದಲ್ಲಿ ಮೊದಲ ಬಾರಿಗೆ ತಗುಲಿದರೆ ಶಿಶುವಿನ ಕಣ್ಣು, ಮಿದುಳುಗಳಿಗೆ ಅಪಾಯವುಂಟು. ಹಾಗೆಂದು ಬೆಕ್ಕನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಮಲದಲ್ಲಿನ ಅಂಡಗಳು ಸೋಂಕುಕಾರಕವಾಗಲು 1ರಿಂದ 5 ದಿನಗಳು ಬೇಕು. ಆದ್ದರಿಂದ ಮನೆಯ ಬೇರೆಯವರು ದಿನವೂ ಅದನ್ನು ತೆಗೆದರಾಯಿತು. ಆ ತಿಂಗಳುಗಳಲ್ಲಿ ಸೊಪ್ಪನ್ನು ಬೇಯಿಸಿ ಉಣ್ಣಲಿ, ಹೊಳೆಯ ನೀರನ್ನು ಕುದಿಸಿ ಕುಡಿಯಲಿ. ಕ್ಲೋರಿನ್ನಿಗೆ ಈ ಅಂಡಗಳು ಸಾಯುವುದಿಲ್ಲ.