ಬೆಳಗಿನವರೆಗೂ ಉಳಿದ ಬಿಸಿಲು

ಅಜ್ಜಿಯ ಮನೆಯ ದಕ್ಷಿಣಕ್ಕೆ ಉದ್ದನೆಯ ಜಗಲಿಯಿತ್ತು. ಧನುರ್ಮಾಸದಲ್ಲಿ ಒಂಬತ್ತು-ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಸೂರಿನಡಿಯಿಂದ ನುಸುಳಿ, ಗೋಡೆಯ ಬುಡದವರೆಗೂ ಬಂದು, ಚಾಪೆ ಹಾಸಿದಂತೆ ಹರಡಿಕೊಳ್ಳುತ್ತಿತ್ತು. ಅಜ್ಜಿ ಅದಕ್ಕೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಆ ಬಿಸಿಲ ಚಾಪೆ ದಿನಕ್ಕಿಷ್ಟಿಷ್ಟೇ ಅಂಗಳದ ಕಡೆಗೆ ಸರಿಯುತ್ತಿತ್ತು. ಯುಗಾದಿಯ ಹೊತ್ತಿಗೆ ಅಂಚಿನ ಚಪ್ಪಡಿಯ ಮೇಲೆ ಒಂದೆರಡು ಗೇಣು ಉಳಿದರೆ ಹೆಚ್ಚು. ವೈಶಾಖದ ಉರಿಯಲ್ಲಿ ಜಗಲಿಯಿಡೀ ನೆರಳು. ಮಧ್ಯಾಹ್ನದ ನಿದ್ದೆಗೆ ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಬೇರೆ ಇರಲಿಲ್ಲ.

ಬೇಕಾದಾಗ ಬಿಸಿಲು ಒಳಗೆ, ಬೇಡವಾದಾಗ ಹೊರಗೆ. ಅದಕ್ಕಾಗಿ ಯಾರೂ ಏನನ್ನೂ ತೆಗೆದು ಮುಚ್ಚಿ ಮಾಡಬೇಕಿರಲಿಲ್ಲ. ಸೂರನ್ನು ಎಷ್ಟು ಮುಂದಕ್ಕೆ ಚಾಚಬೇಕೆಂದು ಆ ಮನೆ ಕಟ್ಟಿದ ಮೇಸ್ತ್ರಿಗೆ ಗೊತ್ತಿತ್ತು, ಅಷ್ಟೇ. ಬೆಂಗಳೂರಿನ ಆಸುಪಾಸಿನಲ್ಲಿ ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ ದಕ್ಷಿಣದ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯ ಮೇಲೆ. ಜೂನ್‌ನಲ್ಲಿ ನೆತ್ತಿಯನ್ನೂ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಉತ್ತರಾಯಣ, ದಕ್ಷಿಣಾಯನ ಎಂದು ಪಂಚಾಂಗದಲ್ಲಿ ಓದುವುದನ್ನು ಆ ಜಗಲಿ ನೆಲದ ಮೇಲೆ ಬರೆದು ತೋರಿಸುತ್ತಿತ್ತು.

ಸೋಲಾರ್ ಮನೆ ಎಂದ ಕೂಡಲೇ ನಮಗೆ ತಾರಸಿಯ ಮೇಲಿನ ಫಲಕ, ನೀರು ಕಾಯಿಸುವ ಕೊಳವೆ ಕಣ್ಣಿಗೆ ಬರುತ್ತವೆ. ಪ್ಯಾಸಿವ್ ಸೋಲಾರ್ ಮನೆಯಲ್ಲಿ ಅವು ಇರಲೇಬೇಕೆಂದಿಲ್ಲ. ಅಲ್ಲಿ ಗೋಡೆ, ನೆಲ, ಕಿಟಕಿ, ಸೂರು ಇವೇ ಯಂತ್ರ. ಈ ತಿಳಿವಳಿಕೆ ಬಹಳ ಹಳೆಯದು. ಚಳಿಗಾಲದ ಬಿಸಿಲು ಮೊಗಸಾಲೆಯೊಳಕ್ಕೆ ಬರುವಂತೆ, ಬೇಸಿಗೆಯ ಬಿಸಿಲು ಮಾಡಿನ ಮೇಲೆಯೇ ಹಾದುಹೋಗುವಂತೆ ಮನೆ ದಕ್ಷಿಣಕ್ಕೆ ಮುಖ ಮಾಡಿರಬೇಕೆಂದು ಸಾಕ್ರಟೀಸ್ ಹೇಳಿದ್ದನ್ನು ಅವನ ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಸಿನ ಒಲಿಂಥಸ್ ಊರನ್ನು ವಿಸ್ತರಿಸಿದವರು ಪ್ರತಿ ಮನೆಯ ಅಂಗಳಕ್ಕೂ ದಕ್ಷಿಣದ ಬಿಸಿಲು ಸಿಗುವ ಹಾಗೆ ಬೀದಿಗಳನ್ನು ಎಳೆದಿದ್ದರು.

ಬಿಸಿಲನ್ನು ಕರೆಯುವುದು ಹೀಗೆ ಎರಡೂವರೆ ಸಾವಿರ ವರ್ಷಗಳಿಂದ ಗೊತ್ತಿದ್ದ ವಿದ್ಯೆ. ಬಂದ ಬಿಸಿಲನ್ನು ಸೂರ್ಯ ಮುಳುಗಿದ ಮೇಲೂ ಉಳಿಸಿಕೊಳ್ಳುವುದು ಹೇಗೆ ಎಂಬುದು ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಅದಕ್ಕೆ 20ನೇ ಶತಮಾನದ ಹೆಚ್ಚಿನ ಭಾಗವೇ ಬೇಕಾಯಿತು.

1933ರಲ್ಲಿ ಶಿಕಾಗೊ ನಗರದ ದೊಡ್ಡ ವಸ್ತುಪ್ರದರ್ಶನಕ್ಕೆಂದು ಜಾರ್ಜ್ ಫ್ರೆಡ್ ಕೆಕ್ ಎಂಬ ವಾಸ್ತುಶಿಲ್ಪಿ 12 ಮುಖಗಳ ಮನೆ ಕಟ್ಟಿದರು. ಹೆಸರು 'ನಾಳೆಯ ಮನೆ'. ಗೋಡೆಯ ಜಾಗದಲ್ಲೆಲ್ಲ ಗಾಜು. ಕೆಲಸ ಇನ್ನೂ ನಡೆಯುತ್ತಿತ್ತು, ಮನೆ ಕಾಯಿಸುವ ಒಲೆ ಕೂರಿಸಿರಲಿಲ್ಲ. ಹೊರಗೆ ಕೊರೆಯುವ ಚಳಿಯಿದ್ದ ಒಂದು ದಿನ ಕೆಕ್ ಒಳಗೆ ಹೋಗಿ ನೋಡಿದರೆ, ಕೆಲಸದವರು ಕೋಟು ಕಳಚಿ ಬರೀ ಅಂಗಿಯಲ್ಲಿ ದುಡಿಯುತ್ತಿದ್ದರು! ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರಿಗೆಲ್ಲ ಗೊತ್ತಿರುವ ಸಂಗತಿಯೇ ಇದು. ಬೆಳಕು ಗಾಜನ್ನು ದಾಟಿ ಒಳಗೆ ಬರುತ್ತದೆ, ನೆಲಕ್ಕೆ ಬಡಿದು ಕಾವಾಗುತ್ತದೆ, ಆ ಕಾವು ಬಂದ ದಾರಿಯಲ್ಲಿ ಅಷ್ಟು ಸುಲಭವಾಗಿ ಹೊರಡಲಾರದು. ಕೆಕ್ ಅಲ್ಲಿಂದ ಮುಂದೆ ಗಾಜನ್ನು ದಕ್ಷಿಣಕ್ಕೆ ತಿರುಗಿಸಿ, ಮೇಲೆ ಸೂರಿಳಿಸಿ ಮನೆ ಕಟ್ಟಿದರು. 1940ರಲ್ಲಿ ಗ್ಲೆನ್‌ವ್ಯೂನಲ್ಲಿ ಹೊವಾರ್ಡ್ ಸ್ಲೋನ್ ಅವರಿಗಾಗಿ ಕಟ್ಟಿದ ಮನೆಯಿಂದಲೇ 'ಸೋಲಾರ್ ಹೌಸ್' ಎಂಬ ಮಾತು ಜನರ ಬಾಯಿಗೆ ಬಂತು. ಹಗಲೆಲ್ಲ ಚೆಂದ. ರಾತ್ರಿಯಾದರೆ ಅದೇ ಗಾಜಿನಿಂದ ಕಾವು ಸೋರಿಹೋಗುತ್ತಿತ್ತು.

ಇನ್ನು ಕೂಡಿಡುವ ಸಾಹಸ. ಅಮೆರಿಕದ ಎಂಐಟಿ ಸಂಸ್ಥೆಯವರು 1939ರಲ್ಲಿ ಕಟ್ಟಿದ ಮನೆಯ ನೆಲಮಾಳಿಗೆಯಲ್ಲಿ ಭಾರೀ ನೀರಿನ ತೊಟ್ಟಿ ಕೂರಿಸಿ, ಬೇಸಿಗೆಯ ಬಿಸಿಯನ್ನು ಚಳಿಗಾಲಕ್ಕೆ ಉಳಿಸಲು ಹೊರಟರು. ಉಳಿಯಿತು, ಆದರೆ ಖರ್ಚು ಯಾರ ಕೈಗೂ ಎಟುಕುವಂತಿರಲಿಲ್ಲ. ನನಗೆ ಅದಕ್ಕಿಂತ ಹತ್ತಿರವಾಗುವುದು ಡೋವರ್‌ನ ಮನೆ. 1948ರ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆ ಊರಿನಲ್ಲಿ ಮೂವರು ಹೆಂಗಸರು ಸೇರಿ ಅದನ್ನು ಎಬ್ಬಿಸಿದರು. ವಿಜ್ಞಾನಿ ಮಾರಿಯಾ ಟೆಲ್ಕೆಸ್, ವಾಸ್ತುಶಿಲ್ಪಿ ಎಲಿನರ್ ರೇಮಂಡ್, ಹಣ ಹಾಕಿದ ಶಿಲ್ಪಿ ಅಮೇಲಿಯಾ ಪೀಬಡಿ. ಟೆಲ್ಕೆಸ್ ನಂಬಿದ್ದು ಗ್ಲಾಬರ್ ಉಪ್ಪನ್ನು. ಚಳಿಗಾಲದ ಬೆಳಿಗ್ಗೆ ಬಾಟಲಿಯೊಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಕರಗಿಸಲು ಬಿಸಿಲಿಗೆ ಇಡುತ್ತೇವಲ್ಲ, ಆಗ ಎಣ್ಣೆ ಬಿಸಿಲಿನ ಕಾವನ್ನು ಹೀರಿಕೊಂಡೇ ಕರಗುತ್ತದೆ. ಮತ್ತೆ ಹೆಪ್ಪುಗಟ್ಟುವಾಗ ಅಷ್ಟೂ ಕಾವನ್ನು ಬಿಟ್ಟುಕೊಡುತ್ತದೆ. ಗ್ಲಾಬರ್ ಉಪ್ಪು 32 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಮನೆ ಬೆಚ್ಚಗಿಡಲು ಹೇಳಿ ಮಾಡಿಸಿದಂತಿತ್ತು. ಡಬ್ಬಿಗಟ್ಟಲೆ ಉಪ್ಪನ್ನು ಕೋಣೆಗಳ ನಡುವಿನ ಗೂಡುಗಳಲ್ಲಿ ಜೋಡಿಸಿ, ಮಹಡಿಯ ಗಾಜಿನ ಹಿಂದೆ ಕಾದ ಗಾಳಿಯನ್ನು ಫ್ಯಾನುಗಳಿಂದ ಅಲ್ಲಿಗೆ ಹರಿಸಿದರು. ಟೆಲ್ಕೆಸ್‌ರ ನೆಂಟರ ಕುಟುಂಬವೇ ಅಲ್ಲಿ ಬಿಡಾರ ಹೂಡಿತು. ಮೊದಲ ಚಳಿಗಾಲ ಬೆಚ್ಚಗೆ ಕಳೆಯಿತು. ಆದರೆ ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿದ ಉಪ್ಪು ಪದರ ಪದರವಾಗಿ ಒಡೆಯಿತು, ಡಬ್ಬಿಗಳು ತುಕ್ಕು ಹಿಡಿದು ಸೋರಿದವು. ಕೆಲವೇ ವರ್ಷಗಳಲ್ಲಿ ಆ ಮನೆಗೆ ಎಣ್ಣೆ ಒಲೆ ಬಂತು.

ಇದನ್ನು ಸೋಲು ಎಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಕರಗುವ ವಸ್ತುವಿನಲ್ಲಿ ಕಾವು ಕೂಡಿಡುವ ವಿದ್ಯೆ ಇವತ್ತೂ ಬೆಳೆಯುತ್ತಿದೆ. ಅದನ್ನು ಮನೆಯಷ್ಟು ದೊಡ್ಡದಾಗಿ ಮೊದಲು ಮಾಡಿ ತೋರಿಸಿದವರು ಆ ಮೂವರು.

ಕೂಡಿಡಲು ಡಬ್ಬಿಯೂ ಬೇಡ, ಉಪ್ಪೂ ಬೇಡ, ಗೋಡೆಯೇ ಸಾಕೆಂದು ಹೇಳಿದವರು ಬೇರೆ. ಎಡ್ವರ್ಡ್ ಮೋರ್ಸ್ ಪ್ರಾಣಿಶಾಸ್ತ್ರಜ್ಞ, ಟೋಕಿಯೊ ಬಳಿಯ ಓಮೊರಿಯಲ್ಲಿ ಪ್ರಾಚೀನ ಚಿಪ್ಪಿನ ದಿಬ್ಬಗಳನ್ನು ಅಗೆದು ಹೆಸರಾದವರು. ಗಾಜಿನ ಹಿಂದೆ ಕಪ್ಪು ಕಲ್ಲುಹಾಸು ನಿಲ್ಲಿಸಿ, ಮೇಲೊಂದು ಕೆಳಗೊಂದು ಕಿಂಡಿ ಬಿಟ್ಟು ಕೋಣೆ ಕಾಯಿಸುವ ಉಪಾಯಕ್ಕೆ 1881ರಲ್ಲೇ ಅವರು ಪೇಟೆಂಟ್ ಪಡೆದಿದ್ದರು. ಯಾರೂ ಕಿವಿಗೊಡಲಿಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ಪಿರನೀಸ್ ಬೆಟ್ಟಸಾಲಿನ ಒಡೇಯೊ ಎಂಬಲ್ಲಿ ಎಂಜಿನಿಯರ್ ಫೆಲಿಕ್ಸ್ ಟ್ರೋಂಬ್ ಮತ್ತು ವಾಸ್ತುಶಿಲ್ಪಿ ಜಾಕ್ ಮಿಶೆಲ್ ಅದೇ ಉಪಾಯವನ್ನು ದಪ್ಪ ಕಾಂಕ್ರೀಟ್ ಗೋಡೆಗೆ ಅಳವಡಿಸಿದರು. ಈಗ ಅದಕ್ಕೆ ಟ್ರೋಂಬ್ ಗೋಡೆ ಎಂದೇ ಹೆಸರು.

ಆ ಗೋಡೆಯನ್ನು ನಾನು ಮುಟ್ಟಿ ನೋಡಿದ್ದು ಫ್ರಾನ್ಸಿನಲ್ಲಲ್ಲ, ಲಡಾಖಿನಲ್ಲಿ. ಲೇಹ್ ಹತ್ತಿರದ ಹಳ್ಳಿಯೊಂದರಲ್ಲಿ ಫೆಬ್ರುವರಿಯ ಮೂರು ರಾತ್ರಿ ಉಳಿದಿದ್ದೆ. ಸಮುದ್ರಮಟ್ಟದಿಂದ 3,500 ಮೀಟರ್ ಎತ್ತರ, ಮೋಡವಿಲ್ಲದ ಆಕಾಶ. ಹಗಲು ಬಿಸಿಲಿಗೆ ಮುಖ ಸುಡುತ್ತದೆ, ನೆರಳಿಗೆ ಕಾಲಿಟ್ಟರೆ ಹಲ್ಲು ಕಟಕಟ. ನನಗೆ ಕೊಟ್ಟ ಕೋಣೆಯ ದಕ್ಷಿಣದ ಮಣ್ಣಿನ ಗೋಡೆಗೆ ಹೊರಗಿನಿಂದ ಕಪ್ಪು ಬಳಿದು, ಅಂಗೈಯಗಲ ಜಾಗ ಬಿಟ್ಟು, ಮರದ ಚೌಕಟ್ಟಿನಲ್ಲಿ ಎರಡು ಪದರ ಗಾಜು ಕೂರಿಸಿದ್ದರು. ಗೋಡೆಯ ಬುಡದಲ್ಲೂ ನೆತ್ತಿಯಲ್ಲೂ ಕಿಂಡಿಗಳು. ಮಧ್ಯಾಹ್ನ ಮೇಲಿನ ಕಿಂಡಿಗೆ ಕೈಯೊಡ್ಡಿದರೆ ಬೆಚ್ಚನೆಯ ಗಾಳಿ ಒಳಗೆ ಬೀಸುತ್ತಿತ್ತು. ಸಂಜೆ ಬಿಸಿಲು ಬೆಟ್ಟದ ಹಿಂದೆ ಹೋಯಿತೋ ಇಲ್ಲವೋ, ಮನೆಯ ಹಿರಿಯಮ್ಮ ಬಂದರು. ಅಲ್ಲಿಯವರು ಆಮಾ-ಲೇ ಎಂದು ಕರೆಯುತ್ತಾರೆ. ಒಂದೊಂದೇ ಕಿಂಡಿಗೆ ಮರದ ಮುಚ್ಚಳ ಹಾಕಿ, ಸಂದಿಗೆ ಬಟ್ಟೆ ತುರುಕಿ, ಕಿಟಕಿಗೆ ರಜಾಯಿಯಷ್ಟು ದಪ್ಪದ ಪರದೆ ಎಳೆದರು. ನಾನು ನಕ್ಷತ್ರ ನೋಡೋಣವೆಂದು ಪರದೆ ಸರಿಸಿದೆ. ಅವರು ಮಾತಿಲ್ಲದೆ ಮತ್ತೆ ಎಳೆದು, ಅದರ ಬುಡಕ್ಕೆ ಭಾರವಾದ ಪೆಟ್ಟಿಗೆಯೊಂದನ್ನು ಇಟ್ಟು ಹೋದರು.

ರಾತ್ರಿ ಹತ್ತಕ್ಕೆ ಗೋಡೆಗೆ ಅಂಗೈ ಇಟ್ಟೆ. ಕೊಟ್ಟಿಗೆಯಲ್ಲಿ ಮಲಗಿದ ಹಸುವಿನ ಪಕ್ಕೆ ಮುಟ್ಟಿದಂಥ ಬೆಚ್ಚಗೆ. ನಡುಹಗಲು ಹೊರಮೈಗೆ ತಾಗಿದ ಬಿಸಿಲು ಅಷ್ಟು ಹೊತ್ತು ಮಣ್ಣಿನೊಳಗೆ ನಿಧಾನವಾಗಿ ನಡೆದು ಆಗಷ್ಟೇ ಒಳಮೈಗೆ ತಲುಪಿತ್ತು. ಬೆಳಗಿನ ಜಾವ ಅಂಗಳದ ಬಕೆಟ್ಟಿನ ನೀರು ಕಲ್ಲಾಗಿತ್ತು, ನನ್ನ ತಲೆದಿಂಬಿನ ಪಕ್ಕದ ಲೋಟದಲ್ಲಿ ನೀರು ನೀರಾಗಿಯೇ ಇತ್ತು. ಕೋಣೆಯಲ್ಲಿ ಚಳಿ ಕಾಯಿಸುವ ಬುಖಾರಿ ಒಲೆ ಇರಲಿಲ್ಲ. ಬೆರಣಿ, ಸೀಮೆಎಣ್ಣೆ, ಹೊಗೆ ಯಾವುದೂ ಇರಲಿಲ್ಲ. ಚಳಿಗಾಲವಿಡೀ ಒಂದೇ ಅಡುಗೆಮನೆಯ ಹೊಗೆಯಲ್ಲಿ ಮನೆಮಂದಿಯೆಲ್ಲ ಮುದುಡಿ ಕೂರುತ್ತಿದ್ದ ಊರಿನಲ್ಲಿ ಇದೆಂಥ ದೊಡ್ಡ ಬದಲಾವಣೆ ಎಂಬುದು ಅಲ್ಲಿ ಕೆಮ್ಮುತ್ತ ರಾತ್ರಿ ಕಳೆದವರಿಗೇ ಗೊತ್ತು.

ಆಮಾ-ಲೇ ಎಳೆದ ಪರದೆಯ ಮರ್ಮವನ್ನು ಕಟ್ಟಡದ ಲೆಕ್ಕವಾಗಿ ಬರೆದವರು ಕೆನಡಾದವರು. 1973ರ ತೈಲ ಬಿಕ್ಕಟ್ಟಿನ ನಂತರ ಸಸ್ಕ್ಯಾಚವನ್ ಪ್ರಾಂತ್ಯದ ಸರ್ಕಾರ ತನ್ನ ಸಂಶೋಧಕರಿಗೆ, ನಮ್ಮ ಹವೆಗೆ ಹೊಂದುವ ಸೋಲಾರ್ ಮನೆ ಕಟ್ಟಿ ಎಂದಿತು. ಚಳಿ ಮೈನಸ್ 30ಕ್ಕೆ ಇಳಿಯುವ, ಡಿಸೆಂಬರ್ ಹಗಲು ಎಂಟೇ ಗಂಟೆಯ ನಾಡು ಅದು. ಹೆರಾಲ್ಡ್ ಓರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದಾಗ ಬಿಸಿಲನ್ನು ಹೆಚ್ಚು ಹಿಡಿಯುವುದಕ್ಕಿಂತ ಇದ್ದ ಕಾವು ಸೋರದಂತೆ ನೋಡಿಕೊಳ್ಳುವುದೇ ಅಗ್ಗವೆಂದು ಕಂಡಿತು. 1977ರಲ್ಲಿ ರೆಜೈನಾ ನಗರದಲ್ಲಿ ಎದ್ದ ಆ ಮನೆಯ ಗೋಡೆಗಳು ಒಂದಡಿ ದಪ್ಪ, ಒಳಗೆಲ್ಲ ಕಾವು ಸೋರಗೊಡದ ಕಾವುತಡೆಯ ತುಂಬು. ಸಂದುಗೊಂದಿನಲ್ಲೂ ಗಾಳಿ ನುಸುಳದಂತೆ ಪ್ಲಾಸ್ಟಿಕ್ ಹಾಳೆ. ಉಸಿರಾಡಲು ಹೊಸ ಗಾಳಿ ಬೇಕಲ್ಲ? ಅದಕ್ಕೊಂದು ಪೆಟ್ಟಿಗೆ ಮಾಡಿದರು. ಹೊರಹೋಗುವ ಹಳೆಯ ಗಾಳಿ ತನ್ನ ಬಿಸಿಯನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸಿ ಹೋಗುತ್ತದೆ, ಎರಡೂ ಬೆರೆಯುವುದಿಲ್ಲ. ಆ ಮನೆಗೆ ಮಾಮೂಲಿ ಫರ್ನೇಸೇ ಇರಲಿಲ್ಲ. ಜೊತೆಗೆ ಕೂರಿಸಿದ್ದ ದುಬಾರಿ ಸೋಲಾರ್ ಕೊಳವೆಗಳು ತೊಂದರೆ ಕೊಟ್ಟವು, ಮುಂದೆ ಅವನ್ನು ತೆಗೆದೇಬಿಟ್ಟರು.

ಜರ್ಮನಿಯ ಭೌತವಿಜ್ಞಾನಿ ವೊಲ್ಫ್‌ಗಾಂಗ್ ಫೈಸ್ಟ್ ಇಂಥ ಪ್ರಯೋಗಗಳನ್ನೆಲ್ಲ ಓದಿಕೊಂಡಿದ್ದರು. ಸ್ವೀಡನ್ನಿನ ಬೊ ಆಡಮ್ಸನ್ ಜೊತೆ 1988ರಲ್ಲಿ ಚರ್ಚೆ ಶುರುವಾಗಿ, 1991ರಲ್ಲಿ ಡಾರ್ಮ್‌ಸ್ಟಾಟ್ ನಗರದ ಕ್ರಾನಿಶ್‌ಸ್ಟೈನ್ ಬಡಾವಣೆಯ ಒಂದೇ ಸಾಲಿನ ನಾಲ್ಕು ಮನೆಗಳಿಗೆ ಜನ ಬಂದರು. ಒಂದರಲ್ಲಿ ಫೈಸ್ಟ್ ತಾವೇ ಸಂಸಾರ ಸಮೇತ ನೆಲೆಸಿದರು. ಈ ನಿಷ್ಠೆ ನನಗೆ ತುಂಬ ಇಷ್ಟ. 'ಪ್ಯಾಸಿವ್‌ಹೌಸ್' ಎಂಬ ಅಳತೆಗೋಲು ಅಲ್ಲಿಂದ ಹುಟ್ಟಿತು. ಒಂದು ಚದರ ಮೀಟರ್ ಜಾಗವನ್ನು ಬೆಚ್ಚಗಿಡಲು ವರ್ಷಕ್ಕೆ 15 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕಾಗಬಾರದು. ಒಳಗಿರುವ ಜನರ ಮೈಶಾಖ, ಅಡುಗೆಯ ಬಿಸಿ, ದಕ್ಷಿಣದ ಕಿಟಕಿಯ ಬಿಸಿಲು ಇಷ್ಟರಿಂದಲೇ ಸಂಸಾರದ ಬಹುಪಾಲು ಸಾಗಬೇಕು.

ಈ ಇತಿಹಾಸ ಓದುವಾಗೆಲ್ಲ ನನಗೆ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು ನೆನಪಾಗಿ ಸಂಕಟವಾಗುತ್ತದೆ. ಚಳಿನಾಡಿನವರು ಬಿಸಿಲಿಗೆ ಹಂಬಲಿಸಿ ಗಾಜು ಹಾಕಿದರು. ನಾವು ಬಿಸಿಲು ಬೇಡವಾದ ಪಶ್ಚಿಮಕ್ಕೂ ನೆಲದಿಂದ ನೆತ್ತಿಯವರೆಗೆ ಅದನ್ನೇ ಹೊದಿಸಿ, ಒಳಗೆ ಎ.ಸಿ. ಹಾಕಿ ದಿನವಿಡೀ ಬಿಸಿಲಿನೊಡನೆ ಹೋರಾಡುತ್ತೇವೆ. ನಮ್ಮಲ್ಲಿ ಕಾವು ಇಳಿಯುವುದು ತಾರಸಿಯಿಂದ, ಪೂರ್ವ-ಪಶ್ಚಿಮದ ಗೋಡೆಗಳಿಂದ. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಕೇಂದ್ರ ಆರಂಭಿಸಿದರು. ಸುಡದ ಮಣ್ಣಿನ ಒತ್ತಿಟ್ಟಿಗೆಗಳ ಮೇಲೆ ಕೆ.ಎಸ್. ಜಗದೀಶ್ ಮತ್ತಿತರರು ಅಲ್ಲಿ ವರ್ಷಗಟ್ಟಲೆ ದುಡಿದರು. ನಮ್ಮ ಹವೆಗೆ ಬೇಕಾದ ಅರಿವು ಕೈಯಳತೆಯಲ್ಲೇ ಇತ್ತು.

ಲಡಾಖಿನವರು ತಮ್ಮ ಕೈಯಳತೆಯ ಅರಿವನ್ನು ಬಳಸಿಕೊಂಡರು. ಸೋನಮ್ ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಹುಟ್ಟುಹಾಕಿದ ಸೆಕ್ಮೋಲ್ ಎಂಬ ಶಿಕ್ಷಣ ಸಂಸ್ಥೆ, ಫೇ ಗ್ರಾಮದ ಬಳಿ ಸಿಂಧೂ ನದಿಯ ದಂಡೆಯಲ್ಲಿ ತನ್ನ ಆವರಣ ಕಟ್ಟಿಕೊಂಡಿತು. ತುಳಿದು ಗಟ್ಟಿ ಮಾಡಿದ ಮಣ್ಣಿನ ದಪ್ಪ ಗೋಡೆಗಳು, ದಕ್ಷಿಣಕ್ಕೆ ಗಾಜು, ಮಾಡಿಗೂ ಹೊರಗೋಡೆಗೂ ಮರದ ಹೊಟ್ಟಿನಂಥ ಅಗ್ಗದ ಕಾವುತಡೆ. ಕಟ್ಟುವ ಕೆಲಸಕ್ಕೆ ವಿದ್ಯಾರ್ಥಿಗಳೂ ಕೈಜೋಡಿಸಿದರು. ಹೊರಗೆ ಮೈನಸ್ 15 ಇದ್ದಾಗ ಒಳಗೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಸೊನ್ನೆಯ ಮೇಲೆ. 2016ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಮಣ್ಣಿನ ಕಟ್ಟಡಗಳಿಗೆ ಕೊಡುವ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ ಅದಕ್ಕೆ ಬಂತು. ಚಳಿಗಾಲಕ್ಕೆ ದಕ್ಷಿಣದ ಗೋಡೆಗೆ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಕಟ್ಟುತ್ತಾರೆ, ಅದರಲ್ಲಿ ಸೊಪ್ಪೂ ಬೆಳೆಯುತ್ತದೆ. ಬೇಸಿಗೆ ಬಂದರೆ ಹಾಳೆಯನ್ನು ಬಿಚ್ಚುತ್ತಾರೆ.

ಕಳೆದ ಡಿಸೆಂಬರ್‌ನಲ್ಲಿ ನನ್ನ ತಮ್ಮ ತುಮಕೂರಿನ ಹೊರಗೆ ಮನೆ ಕಟ್ಟಿಸಲು ಶುರುಮಾಡಿದ. ಪಾಯದ ಮಾರ್ಕಿಂಗ್ ಮಾಡುವ ದಿನ ನಾನೂ ಹೋಗಿದ್ದೆ. ಮೇಸ್ತ್ರಿ ನಾಲ್ಕೂ ಕಡೆಯ ಕಿಟಕಿಗಳಿಗೆ ಒಂದೇ ಅಳತೆಯ ಸಜ್ಜಾ ಎಂದರು, ಎಲ್ಲರೂ ಹಾಗೇ ಹಾಕಿಸುವುದು ಸಾರ್ ಎಂದರು. ಆರಡಿಯ ಗಳುವೊಂದನ್ನು ನೆಟ್ಟಗೆ ನಿಲ್ಲಿಸಲು ಕೇಳಿಕೊಂಡೆ. ಹನ್ನೆರಡೂ ಕಾಲು ದಾಟಿದ ಹೊತ್ತಿಗೆ ನೆರಳು ತೀರಾ ಗಿಡ್ಡವಾಯಿತು. ಟೇಪು ಹಿಡಿದು ನೋಡಿದರೆ ಉತ್ತರಕ್ಕೆ ನಾಲ್ಕೂವರೆ ಅಡಿ. ಬೇಸಿಗೆಯಲ್ಲಿ ಇದು ಎಲ್ಲಿರುತ್ತದೆ ಎಂದು ಅವರೇ ಕೇಳಿದರು. ಏಪ್ರಿಲ್ ಕೊನೆಗೆ ಗಳುವಿನ ಕಾಲಡಿ, ಜೂನ್‌ನಲ್ಲಿ ಒಂದಡಿಯಷ್ಟು ಆ ಕಡೆಗೆ ಎಂದು ದಕ್ಷಿಣಕ್ಕೆ ತೋರಿಸಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ನೆರಳನ್ನೂ ನಕ್ಷೆಯನ್ನೂ ನೋಡುತ್ತ ನಿಂತರು. ಆಮೇಲೆ ಪಶ್ಚಿಮದ ದೊಡ್ಡ ಕಿಟಕಿ ಬರಬೇಕಿದ್ದ ಜಾಗದ ಸುಣ್ಣದ ಗುರುತನ್ನು ಚಪ್ಪಲಿಯಿಂದ ಉಜ್ಜಿ ಅಳಿಸಿ, ದಕ್ಷಿಣದ ಗೆರೆಯ ಕಡೆಗೆ ನಡೆದರು.