ಹುಳುಮನೆಗೆ ಹೊಸ ಕಾವಲುಗಾರ

ಪುಷ್ಯ ಮಾಘಗಳ ಚಳಿ ಕೋಲಾರದ ಬಯಲಿಗೆ ಇಳಿಯಿತೆಂದರೆ ಮನುಷ್ಯನು ಕಂಬಳಿ ಹೊದ್ದು ಮಲಗುತ್ತಾನೆ. ಕೊಟ್ಟಿಗೆಯ ದನಗಳು ಮೈಗೆ ಮೈ ತಾಗಿಸಿಕೊಂಡು ರಾತ್ರಿಯನ್ನು ಕಳೆಯುತ್ತವೆ. ಆಗತಾನೆ ಮೊಟ್ಟೆಯೊಡೆದು ಬಂದ ರೇಷ್ಮೆಹುಳುವಿಗೆ ಈ ಉಪಾಯಗಳಾವುವೂ ಇಲ್ಲ. ಅದರ ಮೈಗೆ ಸ್ವಂತ ಶಾಖವಿಲ್ಲ. ಸುತ್ತಲಿನ ಗಾಳಿಯ ಶಾಖವೇ ಅದರ ಶಾಖ. ರೈತರು ‘ನೂರು ಮೊಟ್ಟೆ’ ಎಂದು ಕರೆಯುವ ಲೆಕ್ಕದಲ್ಲಿ ಇಂಥ ೪೦ರಿಂದ ೫೦ ಸಾವಿರ ಜೀವಗಳಿರುತ್ತವೆ ಎಂಬುದನ್ನು ವಾಚಕರು ನೆನೆಯಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ಅಷ್ಟು ದೂರದಿಂದ ತರಿಸಿಕೊಂಡ ಚಿನ್ನದ ಗಣಿಯೂ ೨೦೦೧ರಲ್ಲಿ ಮುಚ್ಚಿತು. ಹಾಲು, ರೇಷ್ಮೆಗಳು ಉಳಿದವು. ಕೊಳವೆಬಾವಿಯ ನೀರಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಸಂಸಾರಕ್ಕೆ ಒಂದು ಬೆಳೆ ಕೈತಪ್ಪಿದರೆ ಸಾಲದ ಕಂತು ಹಾಗೆಯೇ ನಿಲ್ಲುತ್ತದೆ.

ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ಎಳೆಯ ಹುಳುವಿಗೆ, ೨೭ರಿಂದ ೨೮ ಡಿಗ್ರಿ ಸೆಂಟಿಗ್ರೇಡ್ ಶಾಖವೂ ಗಾಳಿಯಲ್ಲಿ ಶೇಕಡ ೮೫ರಿಂದ ೯೦ರಷ್ಟು ತೇವವೂ ಬೇಕು. ಬೆಳೆದಂತೆ ಎರಡೂ ತಗ್ಗಬೇಕು. ಐದನೆಯ ಹಂತಕ್ಕೆ ೨೪ ಡಿಗ್ರಿ ಸಾಕು. ಹುಳು ಜ್ವರಕ್ಕೆ ಕೂತಾಗ ಗಾಳಿ ಒಣಗಿರಬೇಕು. ಚಳಿಯೂ ತೇವವೂ ಕೂಡಿದರೆ ಸುಣ್ಣಕಟ್ಟು ರೋಗಕ್ಕೆ ಬಾಗಿಲು ತೆರೆದಂತೆ.

ಹಿಂದಿನವರು ಇದಕ್ಕಾಗಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಇಟ್ಟು, ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತಿದ್ದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವು ಬಿಡುವ ವಿಷವಾಯು ಹುಳುವಿಗೂ ಕೇಡು, ಕಾವಲು ಮಲಗಿದವನಿಗೂ ಪ್ರಾಣಾಪಾಯ. ಬಳಿಕ ವಿದ್ಯುತ್ ಹೀಟರೂ ಅದನ್ನು ಹತೋಟಿಯಲ್ಲಿಡುವ ಥರ್ಮೊಸ್ಟಾಟೂ ಬಂದವು. ಎರಡು ಬಗೆಯ ಲೋಹಗಳನ್ನು ಬೆಸೆದ ಪಟ್ಟಿಯೊಂದು ಅದರ ಹೃದಯ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಮೆ. ಪಟ್ಟಿ ಬಾಗಿ ವಿದ್ಯುತ್ತಿನ ದಾರಿ ಕಡಿಯುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ವರ್ಷಗಳು ಕಳೆದಂತೆ ಅದರ ಬಾಯಿ ಸುಟ್ಟು ಕರಿಕಟ್ಟುತ್ತದೆ. ಗುಂಡಿಯ ಮೇಲಿನ ಅಂಕಿಗೂ ಕೋಣೆಯ ಶಾಖಕ್ಕೂ ಹೊಂದಿಕೆ ತಪ್ಪುತ್ತದೆ.

ಈಗ ಅದರ ಸ್ಥಾನಕ್ಕೆ ಅಂಕಿಗಳನ್ನು ಬೆಳಗಿ ತೋರಿಸುವ ಕಂಟ್ರೋಲರು ಬಂದಿದೆ. ತಂತಿಯ ತುದಿಯ ಸಣ್ಣ ಶೋಧಕವು ಶಾಖವನ್ನು ಅಳೆದು, ಅರ್ಧ ಡಿಗ್ರಿಯ ಏರಿಳಿತಕ್ಕೂ ಹೀಟರನ್ನು ಹಚ್ಚಿ ಆರಿಸಬಲ್ಲುದು. ಕೆಲವು ತೇವವನ್ನೂ ನೋಡಿಕೊಳ್ಳುತ್ತವೆ. ತೇವದ ಕಡೆ ನಿಗಾ ಅವಶ್ಯ. ಏಕೆಂದರೆ ಗಾಳಿ ಕಾದಷ್ಟೂ ಅದರ ತೇವಾಂಶದ ಪ್ರಮಾಣ ತಗ್ಗಿ ಸೊಪ್ಪು ಬಾಡುತ್ತದೆ.

ಹಳೆಯದನ್ನು ಕಳಚಿ ಹೊಸದನ್ನು ಕೂಡಿಸುವಾಗ ಮೊದಲ ಕೆಲಸ ಮೈನ್ ಸ್ವಿಚ್ಚನ್ನು ಆರಿಸುವುದು. ಯಾವ ತಂತಿ ಎಲ್ಲಿತ್ತೆಂದು ಕಾಗದದಲ್ಲಿ ಗುರುತಿಸಿಕೊಂಡು ಕಳಚುವುದು ಜಾಣತನ. ಹಳೆಯ ಥರ್ಮೊಸ್ಟಾಟಿಗೆ ಎರಡು ತಂತಿ ಸಾಕಾಗಿದ್ದರೆ, ಹೊಸದಕ್ಕೆ ತಾನು ನಡೆಯಲೂ ಫೇಸು, ನ್ಯೂಟ್ರಲುಗಳು ಬೇಕು. ೨೦೦೦ ವಾಟಿನ ಹೀಟರು ೨೩೦ ವೋಲ್ಟಿನಲ್ಲಿ ಸುಮಾರು ೮.೭ ಆಂಪಿಯರ್ ಎಳೆಯುತ್ತದೆ. ೧೦ ಆಂಪಿಯರಿನ ರಿಲೇ ಇರುವ ಪೆಟ್ಟಿಗೆಗೆ ಇಂಥ ಎರಡು ಹೀಟರುಗಳನ್ನು ಹೂಡಿದರೆ ರಿಲೇ ಸುಟ್ಟು ಅಂಟಿಕೊಂಡೀತು. ಹೀಟರು ಆರದೆ ಉರಿದು ಹುಳುಮನೆ ಒಲೆಯಾದೀತು. ನಡುವೆ ಕಾಂಟ್ಯಾಕ್ಟರು ಇರಲೇಬೇಕು. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನದು. ಶೋಧಕವು ಹೀಟರಿನ ಎದುರಾಗಲಿ ಬಾಗಿಲ ಬಳಿಯಾಗಲಿ ಇರದೆ, ತಟ್ಟೆಗಳ ಎತ್ತರದಲ್ಲಿ ತೂಗಬೇಕು.

ಚಾಕಿ ತರುವ ಎರಡು ದಿನ ಮೊದಲೇ ಕೋಣೆಯನ್ನು ಬರಿದೇ ಕಾಯಿಸಿ, ಒದ್ದೆ-ಒಣ ಉಷ್ಣಮಾಪಕದೊಡನೆ ಹೋಲಿಸಿ ನೋಡಬೇಕು. ಕರೆಂಟು ಹೋಗಿ ಬಂದಮೇಲೆ ಪೆಟ್ಟಿಗೆಯು ತನ್ನ ಅಂಕಿಯನ್ನು ನೆನಪಿಟ್ಟುಕೊಂಡಿದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸುವುದು ಲೇಸು. ನಡುರಾತ್ರಿಯಲ್ಲಿ ಕರೆಂಟೇ ಇಲ್ಲವಾದರೆ ಯಾವ ಕಂಟ್ರೋಲರೂ ಏನನ್ನೂ ಮಾಡಲಾರದು. ಅಂಥ ಹೊತ್ತಿಗೆ ಕಿಟಕಿಯ ಪರದೆ ಬಿಗಿದು, ತಟ್ಟೆಗಳಿಗೆ ಮೇಣದ ಕಾಗದ ಹೊದಿಸಿ, ಇರುವ ಬೆಚ್ಚಗನ್ನು ಬೆಳಗಿನವರೆಗೆ ಕಾಪಾಡಲು ಮನೆಯಾಕೆ ಎದ್ದು ಬರಬೇಕಾಗುತ್ತದೆ. ಆದುದರಿಂದ ಹಳೆಯ ಉಷ್ಣಮಾಪಕವನ್ನು ಗೋಡೆಯಿಂದ ಇಳಿಸಬಾರದು.